ಭಾನುವಾರದ ಕಥೆಕೂಟ: ಈ ಸಲ ದಾರ ತನ್ನಿ

ಎಲ್ಲರಿಗೂ ನಮಸ್ಕಾರ. ಹೋದ ಸಲ ನಾವೇ ಜಾಸ್ತಿ ಮಾತಾಡಿದೆವು, ಮಕ್ಕಳು ಆಕಳಿಸಿದರು. ಒಪ್ಪಿಕೊಳ್ಳೋಣ, ಅಲ್ವಾ? ಈ ಸಲ ಅವರ ಕೈಗೆ ಕೆಲಸ ಕೊಡೋಣ.

ಚಿಕ್ಕವರಿಗೆ ದಾರದಾಟ. ತಲಾ 2 ಮೀಟರ್ ದಾರ, ಎರಡೂ ತುದಿ ಸೇರಿಸಿ ಗಂಟು ಹಾಕಿರಲಿ. ಉತ್ತರ ಧ್ರುವದ ಕಡೆಯ ಇನುಯಿಟ್ ಜನರಲ್ಲೂ ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿಗಳಲ್ಲೂ ಬೆರಳಿಗೆ ದಾರ ಸುತ್ತಿ ಆಕಾರ ಮಾಡುತ್ತಾ ಕಥೆ ಹೇಳುವ ರೂಢಿ ಇದೆ.

ಹದಿಹರೆಯದವರಿಗೆ ವಾರ್ಲಿ ಚಿತ್ರ, ಅಂದರೆ ಮಹಾರಾಷ್ಟ್ರದ ವಾರ್ಲಿ ಆದಿವಾಸಿಗಳ ಚಿತ್ರಕಲೆ. ವೃತ್ತ, ತ್ರಿಕೋನ, ಚೌಕ ಬಂದರೆ ಸಾಕು. ಎರಡು ತ್ರಿಕೋನಗಳ ಮೊನೆ ಸೇರಿಸಿದರೆ ಮನುಷ್ಯನ ಮೈ ತಯಾರು! ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಲ್ಲಿ ಬಿಡಿಸುತ್ತಿದ್ದ ಈ ಕಲೆಯನ್ನು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಜೀವ್ಯಾ ಸೋಮ ಮಶೆ ಮುಖ್ಯರು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಕ್ಕಳು ಸುಮ್ನೆ ನಕಲು ಮಾಡುವುದು ಬೇಡ. ಮನೆಯ ಹಿರಿಯರಿಂದ ಕೇಳಿದ ಕಥೆಯನ್ನೇ ಬಿಡಿಸಲಿ.

ಒಂದು ಎಚ್ಚರ. ಎಲ್ಲ ಕಥೆಯನ್ನೂ ಯಾವಾಗ ಬೇಕಾದರೂ ಹೇಳುವಂತಿಲ್ಲ. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನ ಕಯೋಟಿ (ತೋಳದಂಥ ಕಾಡುಪ್ರಾಣಿ) ಕಥೆಗಳನ್ನು ಚಳಿಗಾಲದಲ್ಲಷ್ಟೇ ಹೇಳುವ ಸಂಪ್ರದಾಯ ಇಟ್ಟುಕೊಂಡಿದ್ದಾರೆ. ಹಾಗಾಗಿ ಯಾರ ಕಥೆ, ಯಾವ ಸಮಯದ್ದು ಅನ್ನೋದನ್ನು ಮಕ್ಕಳಿಗೆ ಮೊದಲೇ ತಿಳಿಸಿ. ಹಿರಿಯರ ದನಿ ರೆಕಾರ್ಡ್ ಮಾಡುವ ಮುಂಚೆ ಅವರ ಒಪ್ಪಿಗೆ ಕೇಳಿ.

ದಾರ ಯಾರು ತರುತ್ತೀರಿ, ಬಣ್ಣ ಯಾರು? ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.