ಎಂಜಲು, ಮೂಳೆ ಮತ್ತು ನಿನ್ನ ಹೂಜಿ

ಪ್ರೀತಿಯ ತಮ್ಮ,

ಮ್ಯೂಸಿಯಂನಲ್ಲಿ ನಡೆಯುವ ನಿನ್ನ ಹಾಸ್ಯದ ಸ್ಕ್ರಿಪ್ಟ್ ಓದಿದೆ. ಯಾರೂ ನಗಲಿಲ್ಲ, ಬರೆಯೋದೇ ಬಿಟ್ಟುಬಿಡ್ಲಾ ಅಂತ ಕೇಳಿದ್ದೀಯ. ಬಿಡಬೇಡ. ದೃಶ್ಯ ಎಷ್ಟುದ್ದ ಇರಬೇಕು, ಯಾರಿಗೆ ಕಳಿಸಬೇಕು ಅನ್ನೋದನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನನ್ನ ಜಗಳ ಇರೋದು ನಿನ್ನ ಹೂಜಿಯ ಜೊತೆ.

ಮೂರನೇ ಪುಟಕ್ಕೇ ಮ್ಯೂಸಿಯಂನ ಹೂಜಿ ಒಡೆಯುತ್ತದೆ. ಅದನ್ನು ಅಲ್ಲಿ ತಂದಿಟ್ಟವರು ಯಾರು? ಒಡೆದರೆ ಯಾರ ಹೊಟ್ಟೆ ಉರಿಯುತ್ತದೆ? ಒಂದೂ ಗೊತ್ತಿಲ್ಲ. ಮತ್ತೆ ನಾನ್ಯಾಕೆ ನಗಲಿ? 1938ರ 'ಬ್ರಿಂಗಿಂಗ್ ಅಪ್ ಬೇಬಿ' ಸಿನಿಮಾ ನೋಡು. ಕ್ಯಾರಿ ಗ್ರಾಂಟ್ ಅದರಲ್ಲಿ ವಿಜ್ಞಾನಿ. ನಾಲ್ಕು ವರ್ಷದಿಂದ ಡೈನೋಸಾರ್ ಅಸ್ಥಿಪಂಜರ ಜೋಡಿಸುತ್ತಿದ್ದಾನೆ. ಒಂದೇ ಒಂದು ಮೂಳೆ ಬಾಕಿ, 'ಇಂಟರ್‌ಕಾಸ್ಟಲ್ ಕ್ಲಾವಿಕಲ್' ಅಂತ ಅದರ ಹೆಸರು. ಅದೂ ಸಿಕ್ಕಿತು ಅನ್ನುವಾಗ ನಾಯಿಯೊಂದು ಕಚ್ಚಿಕೊಂಡು ಹೋಗಿ ಹೂತುಬಿಡುತ್ತದೆ. (ಆ ಹೆಸರಿನ ಮೂಳೆ ಯಾವ ಪ್ರಾಣಿಗೂ ಇಲ್ಲ, ಸುಮ್ನೆ ಕಟ್ಟಿದ್ದು.) ಕೊನೆಗೆ ಇಡೀ ಅಸ್ಥಿಪಂಜರ ಕುಸಿದಾಗ ಬಿದ್ದು ಬಿದ್ದು ನಗುತ್ತೇವೆ. ಆ ನಾಲ್ಕು ವರ್ಷದ ಲೆಕ್ಕ ನಮಗೆ ಮೊದಲೇ ಸಿಕ್ಕಿರುತ್ತದಲ್ವಾ?

ಇನ್ನು ನಿನ್ನ ನಿದ್ದೆಬುರುಕ ಕಾವಲುಗಾರ, ಸಂಗ್ರಹ ನೋಡಿಕೊಳ್ಳುವ ದಪ್ಪ ಕನ್ನಡಕದ ಕ್ಯುರೇಟರ್, ರಾತ್ರಿ ಎದ್ದು ಓಡಾಡುವ ಮಮ್ಮಿ, ಅಂದರೆ ಬಟ್ಟೆ ಸುತ್ತಿಟ್ಟ ಹಳೇ ಹೆಣ. ಇವನ್ನೆಲ್ಲ ನೀನು ನೋಡಿದ್ದು ಟಿವಿಯಲ್ಲಿ, ಸುಳ್ಳು ಹೇಳಬೇಡ. 2006ರ 'ನೈಟ್ ಅಟ್ ದಿ ಮ್ಯೂಸಿಯಂ' ರಾತ್ರಿಯಾದರೆ ಎಲ್ಲವನ್ನೂ ಎಬ್ಬಿಸಿ ಓಡಾಡಿಸಿತು. ಆದರೆ ಆ ಕಥೆ ಶುರುವಾಗೋದು ಹೇಗೆ? ಖರ್ಚು ಉಳಿಸಲು ಮೂವರು ಹಳೇ ಕಾವಲುಗಾರರನ್ನು ಮನೆಗೆ ಕಳಿಸಿ, ಅವರ ಜಾಗಕ್ಕೆ ಒಬ್ಬನನ್ನು ಹಾಕಿಕೊಳ್ಳುತ್ತಾರೆ. ಆಮೇಲೆ ಬಂದವರು ಅದನ್ನು ಬಿಟ್ಟು ಡೈನೋಸಾರನ್ನಷ್ಟೇ ಕದ್ದರು.

ನಿಜವಾದ ಮ್ಯೂಸಿಯಂನಲ್ಲಿ ನಡೆಯುವ ಕೆಲಸವನ್ನು ಹೋಗಿ ನೋಡು ಮಾರಾಯ! ಅಸ್ಥಿಪಂಜರ ಶುಚಿ ಮಾಡಲು ಕೆಲವು ಮ್ಯೂಸಿಯಂಗಳು ಮಾಂಸ ತಿನ್ನುವ ಪುಟ್ಟ ಜೀರುಂಡೆಗಳನ್ನು ಸಾಕುತ್ತವೆ. ಅವೇನಾದರೂ ತಪ್ಪಿಸಿಕೊಂಡವೋ, ಪಕ್ಕದ ಕೋಣೆಯ ಚರ್ಮ, ತುಪ್ಪಳ, ಗರಿ ಎಲ್ಲ ಸ್ವಾಹಾ. ಸಂಬಳ ಕೊಟ್ಟು ಕಳ್ಳನನ್ನೇ ಕಾವಲಿಗಿಟ್ಟ ಹಾಗೆ. ಹಳೇ ವರ್ಣಚಿತ್ರಗಳ ಕೊಳೆ ತೆಗೆಯುವವರು ಹತ್ತಿ ಸುತ್ತಿದ ಕಡ್ಡಿಗೆ ತಮ್ಮ ಎಂಜಲನ್ನೇ ಹಚ್ಚಿ ಒರೆಸುವುದುಂಟು. ಎಂಜಲು ಎಷ್ಟು ಚೆನ್ನಾಗಿ ಕೊಳೆ ತೆಗೆಯುತ್ತದೆ ಎಂದು ಅಳೆದು ನೋಡಿದ ಪೋರ್ಚುಗಲ್‌ನ ಸಂಶೋಧಕರಿಗೆ 2018ರಲ್ಲಿ ಇಗ್ ನೊಬೆಲ್ ಕೂಡ ಬಂತು, ಅದೇ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ.

ಇದನ್ನೇ ನಾನೊಮ್ಮೆ ದೃಶ್ಯ ಮಾಡಿ ಬರೆದಿದ್ದೆ. ಗಂಭೀರ ಮುಖದ ಹೆಂಗಸು, ಅಮೂಲ್ಯ ಚಿತ್ರ, ಎಂಜಲು. ನಿರ್ಮಾಪಕರೊಬ್ಬರು 'ಯಾರು ನಂಬ್ತಾರೆ ಇದನ್ನ' ಅಂತ ಕಾಟು ಹೊಡೆದು, ಅದರ ಬದಲು ವಿಗ್ರಹ ಸೀನುವಂತೆ ಮಾಡಿದರು. ವಿಗ್ರಹ ಸೀನಿದರೆ ನಂಬ್ತಾರಂತೆ! ಆ ಸಿಟ್ಟು ಇನ್ನೂ ಇಳಿದಿಲ್ಲ.

ಸೀನು ಅಂದರೆ 1997ರ 'ಬೀನ್' ನೆನಪಾಗುತ್ತದೆ. ವರ್ಣಚಿತ್ರದ ಮೇಲೆ ಸೀನಿ, ಒರೆಸಲು ಹೋಗಿ, ಮುಖವನ್ನೇ ಅಳಿಸಿಹಾಕುವ ಆ ಮನುಷ್ಯ ಯಾರು? ಗ್ಯಾಲರಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಚಿತ್ರ ನೋಡುತ್ತಾ ಕೂರುವ ಕಾವಲುಗಾರ. ಅವನನ್ನೇ ದೊಡ್ಡ ಪಂಡಿತ ಎಂದು ಜನ ನಂಬುತ್ತಾರೆ. ಅಲ್ಲಿ ನಗೆಪಾಟಲಾಗೋದು ಆ ನಂಬಿದ ಜನ.

ನಿನ್ನಲ್ಲೂ ಅಂಥದ್ದೊಂದು ಇದೆ, ನಿನಗೇ ಗೊತ್ತಿಲ್ಲ. ಹತ್ತೊಂಬತ್ತನೇ ಪುಟದ ಆ ಕಾವಲಿನ ಹೆಂಗಸು. ದಿನವಿಡೀ ಒಂದೇ ಚಿತ್ರದ ಮುಂದೆ ನಿಲ್ಲುತ್ತಾಳೆ. ಬಂದವರೆಲ್ಲ ಅವಳನ್ನು ಕೇಳೋದು ಟಾಯ್ಲೆಟ್ ಎಲ್ಲಿ ಅಂತ ಮಾತ್ರ. ನಾನು ನಕ್ಕಿದ್ದು ಅಲ್ಲೊಂದೇ ಕಡೆ, ಜೋರಾಗಿಯೇ ನಕ್ಕೆ. ಅವಳಿಗೆ ನೀನು ಕೊಟ್ಟಿದ್ದು ಎರಡೇ ಸಾಲು, ದಂಡಪಿಂಡ! ಇಡೀ ಕಥೆ ಅವಳ ಕೈಗೆ ಕೊಟ್ಟು ತಿದ್ದಿ ಕಳಿಸು. ಮಮ್ಮಿ ಇದ್ದರೆ ನಾನು ಓದಲ್ಲ.

ಪ್ರೀತಿಯಿಂದ,
ನಿನ್ನ ಅಣ್ಣ