ಕೊಡಗಿನ ಬ್ಲಾಗ್‌ಗಳು ಒಂದೇ ತಾಣಕ್ಕೆ ಬರಲಿ: ಮೊದಲು ವರ್ಗ, ಆಮೇಲೆ ಥೀಮ್

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಾಫಿ, ಕರಿಮೆಣಸು, ಮಳೆ, ಗಿಡಮರ, ಹಬ್ಬ, ಅಡುಗೆ, ಕೊಡವ ತಕ್ಕ್ ಮತ್ತು ಅರೆಭಾಷೆ ಎಂಬ ಇಲ್ಲಿನ ನುಡಿಗಳು, ಹೀಗೆ ಕೊಡಗಿನ ಬದುಕಿನ ಒಂದೊಂದು ಮಗ್ಗುಲನ್ನು ಹಿಡಿದು ಬ್ಲಾಗ್ ಬರೆಯುವವರು ನಮ್ಮ ಜಿಲ್ಲೆಯಲ್ಲಿ ಹಲವರಿದ್ದಾರೆ. ಒಬ್ಬೊಬ್ಬರೂ ಬೇರೆ ಬೇರೆ ವಿಳಾಸದಲ್ಲಿ ಬರೆಯುವುದರಿಂದ ಒಬ್ಬರ ಬರಹ ಇನ್ನೊಬ್ಬರ ಓದುಗರಿಗೆ ತಲುಪುವುದಿಲ್ಲ. ಬರೆಯುವವರ ಆರೋಗ್ಯ ಕೆಟ್ಟಾಗಲೋ, ವಿಳಾಸದ ವಾರ್ಷಿಕ ಶುಲ್ಕ ಕಟ್ಟಲು ಮರೆತಾಗಲೋ ಹತ್ತಾರು ವರ್ಷಗಳ ಶ್ರಮ ಒಂದೇ ದಿನದಲ್ಲಿ ಕಣ್ಮರೆಯಾಗುತ್ತದೆ. ಇಂತಹ ಬ್ಲಾಗ್‌ಗಳನ್ನು ಒಂದೇ ಜಾಲತಾಣದಡಿ ತರುವುದು ಒಳ್ಳೆಯದೆಂದೂ, ತರುವಾಗ ಥೀಮ್, ಅಂದರೆ ತಾಣದ ಹೊರನೋಟದ ವಿನ್ಯಾಸ, ಆರಿಸುವ ಮೊದಲು ಬರಹಗಳನ್ನು ವಿಂಗಡಿಸುವ ವರ್ಗಗಳನ್ನು ನಿರ್ಧರಿಸಬೇಕೆಂದೂ ನಾವು ಆರು ಮಂದಿ ಗೆಳೆಯರು ಈ ಕೆಲಸ ಮಾಡಿ ಕಲಿತಿದ್ದೇವೆ. ಆ ಅನುಭವವನ್ನು ತಮ್ಮ ಪತ್ರಿಕೆಯ ಮೂಲಕ ಇಲ್ಲಿನ ಸಂಘ ಸಂಸ್ಥೆಗಳಿಗೂ ಬರಹಗಾರರಿಗೂ ತಿಳಿಸಬೇಕೆಂದು ಈ ಪತ್ರ.

ಒಗ್ಗೂಡುವ ಯೋಚನೆ ನಮಗೆ ಹುಟ್ಟಿದ್ದು ಒಂದು ಸೊಪ್ಪಿನ ದೆಸೆಯಿಂದ. ಕೊಡವ ಪಂಚಾಂಗದ ಕಕ್ಕಡ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ರಸದಿಂದ ಪಾಯಸ ಮಾಡುವ ವಾಡಿಕೆ ಕೊಡಗಿನವರೆಲ್ಲರಿಗೂ ತಿಳಿದಿದೆ. ನಮ್ಮ ಆರು ಬ್ಲಾಗ್‌ಗಳ ಪೈಕಿ ಮೂರರಲ್ಲಿ ಈ ಸೊಪ್ಪಿನ ಕುರಿತ ಬರಹಗಳಿದ್ದವು. ಅಡುಗೆಯ ಬ್ಲಾಗ್‌ನಲ್ಲಿ ಎಲೆ ಕುದಿದು ನೀರು ಕಡುನೇರಳೆಯಾಗುವ ಹದದ ವಿವರವಿತ್ತು. ಗಿಡಮರಗಳ ಬ್ಲಾಗ್‌ನಲ್ಲಿ ಜಸ್ಟೀಶಿಯ ವೈನಾಡೆನ್ಸಿಸ್ ಎಂಬ ಶಾಸ್ತ್ರೀಯ ಹೆಸರಿನಡಿ ಗಿಡದ ಲಕ್ಷಣಗಳಿದ್ದವು. ಆಚರಣೆಗಳ ಬ್ಲಾಗ್ ಬರೆಯುವವರು ಅದನ್ನು ಆಟಿ ಸೊಪ್ಪು ಎಂದು ಕರೆದು ಆ ದಿನದ ನಂಬಿಕೆಗಳನ್ನು ದಾಖಲಿಸಿದ್ದರು. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಸೋದರಸೊಸೆ ಈ ಗಿಡದ ಬಗ್ಗೆ ಕನ್ನಡದಲ್ಲಿ ಏನಾದರೂ ಇದೆಯೇ ಎಂದು ಕೇಳಿದಾಗ ಅವಳಿಗೆ ಸಿಕ್ಕಿದ್ದು ಮೂರರಲ್ಲಿ ಒಂದು ಮಾತ್ರ. ಉಳಿದೆರಡನ್ನು ಬರೆದವರು ನನ್ನ ಗೆಳೆಯರೇ ಆಗಿದ್ದರೂ ಅವನ್ನು ಹುಡುಕಿ ಕಳುಹಿಸಲು ನನಗೆ ಒಂದು ಸಂಜೆ ಪೂರ್ತಿ ಬೇಕಾಯಿತು.

ಒಂದಾಗೋಣವೆಂದು ತೀರ್ಮಾನಿಸಿದ ಮೇಲೆ ನಾವು ಮಾಡಿದ ಮೊದಲ ತಪ್ಪು ಥೀಮ್‌ನ ಹಿಂದೆ ಹೋದದ್ದು. ಜಾಲತಾಣ ಕಟ್ಟಲು ನಾವು ಬಳಸಿದ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಉಚಿತವಾಗಿ ಸಿಗುವ ಥೀಮ್‌ಗಳು ಸಾವಿರಾರು ಇವೆ. ಒಂದರಲ್ಲಿ ಮುಖಪುಟದ ಚಿತ್ರಗಳು ತಾವಾಗಿ ಸರಿಯುತ್ತವೆ, ಇನ್ನೊಂದರಲ್ಲಿ ಬರಹಗಳು ಚೌಕಚೌಕವಾಗಿ ಕೂರುತ್ತವೆ. ಯಾವುದು ಚೆನ್ನ ಎಂಬ ಚರ್ಚೆಯಲ್ಲಿ ಒಂದು ಮಳೆಗಾಲವೇ ಕಳೆಯಿತು. ಕೊನೆಗೆ ಒಂದನ್ನು ಆರಿಸಿ ಬರಹಗಳನ್ನೆಲ್ಲ ತಂದು ತುಂಬಿದಾಗ, ಎಲ್ಲಿ ಏನಿದೆ ಎಂಬುದು ಬರೆದ ನಮಗೇ ತಿಳಿಯದಂತಾಯಿತು. ಹಣ್ಣಾಗಿಯೇ ಒಣಗಿಸಿದ ಚೆರ್ರಿ ಕಾಫಿಯ ಮೂಟೆ ಯಾವುದು, ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಮೂಟೆ ಯಾವುದು ಎಂದು ಬೇರ್ಪಡಿಸದೆ ಗೋದಾಮಿನ ಗೋಡೆಗೆ ಬಣ್ಣ ಹೊಡೆಸಿದಂತೆ ಆಗಿತ್ತು ನಮ್ಮ ಕೆಲಸ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಹಳೆಯ ಆರು ಬ್ಲಾಗ್‌ಗಳಲ್ಲಿ ಬಳಸಿದ್ದ ಲೇಬಲ್‌ಗಳನ್ನೆಲ್ಲ ನಾವು ಹಾಗೆಯೇ ವರ್ಗಗಳನ್ನಾಗಿ ಮಾಡಿಕೊಂಡೆವು. ಕಾಫಿ ಒಂದು ವರ್ಗ, ಅದರದೇ ಬಗೆಯಾದ ಅರೇಬಿಕಾ ಇನ್ನೊಂದು, ಕಾಫಿಯ ಹೂವರಳಿಸುವ ಹೂಮಳೆ ಮತ್ತೊಂದು, ನಮ್ಮೂರು ನಾಪೋಕ್ಲು ಮಗದೊಂದು. ಜೊತೆಗೆ ಬರೆದವರ ಹೆಸರಿನಲ್ಲಿ ಆರು ವರ್ಗಗಳು. ಯಾವುದಕ್ಕೂ ಸೇರದವು ವರ್ಡ್‌ಪ್ರೆಸ್ ತಾನಾಗಿಯೇ ಇಟ್ಟಿರುವ ಅನ್‌ಕ್ಯಾಟಗರೈಸ್ಡ್ ಎಂಬ ರಾಶಿಗೆ ಬಿದ್ದವು. ಮೊಬೈಲಿನ ಪುಟ್ಟ ಪರದೆಯಲ್ಲಿ ಆ ಪಟ್ಟಿಯನ್ನು ಬೆರಳಿನಿಂದ ಸರಿಸುತ್ತ ಕೊನೆ ಮುಟ್ಟುವ ತಾಳ್ಮೆ ಯಾವ ಓದುಗರಿಗೂ ಇರಲಿಲ್ಲ. ತಮ್ಮ ಪತ್ರಿಕೆಯಲ್ಲಿ ಕೃಷಿಯ ಸುದ್ದಿ ಯಾವ ಪುಟದಲ್ಲಿರುತ್ತದೆ, ಕ್ರೀಡೆ ಯಾವ ಪುಟದಲ್ಲಿರುತ್ತದೆ ಎಂದು ಓದುಗರಿಗೆ ಮೊದಲೇ ಗೊತ್ತಿರುತ್ತದೆ. ಆ ಭರವಸೆಯನ್ನು ನಾವು ನಮ್ಮ ಓದುಗರಿಗೆ ಕೊಟ್ಟಿರಲಿಲ್ಲ.

ವರ್ಗ ಬೇರೆ, ಬರಹಕ್ಕೆ ಅಂಟಿಸುವ ಗುರುತುಪದವಾದ ಟ್ಯಾಗ್ ಬೇರೆ ಎಂಬುದನ್ನು ನಾವು ತಡವಾಗಿ ಅರಿತೆವು. ವರ್ಡ್‌ಪ್ರೆಸ್‌ನಲ್ಲಿ ವರ್ಗದೊಳಗೆ ಉಪವರ್ಗಗಳನ್ನು ಮಾಡಬಹುದು, ಟ್ಯಾಗ್‌ಗಳಲ್ಲಿ ಅಂತಹ ಮೇಲುಕೆಳಗಿಲ್ಲ. 2003ರಲ್ಲಿ ಬಂದ ಈ ತಂತ್ರಾಂಶಕ್ಕೆ ಟ್ಯಾಗ್ ಸೇರಿದ್ದು 2007ರಲ್ಲಿ. ಅದಕ್ಕೂ ಮೊದಲು ಎಲ್ಲ ಭಾರವನ್ನೂ ವರ್ಗಗಳೇ ಹೊರಬೇಕಿತ್ತು. ಒಂದು ಬರಹಕ್ಕೆ ಸಾಧ್ಯವಾದಷ್ಟೂ ಒಂದೇ ವರ್ಗವಿರಲಿ, ಅದು ಆ ಬರಹದ ಮನೆ ಎಂದು ನಾವು ಈಗ ನಿಯಮ ಮಾಡಿಕೊಂಡಿದ್ದೇವೆ. ಆ ಬರಹದಲ್ಲಿ ಬರುವ ಬೆಳೆ, ಊರು, ಕಾಲ, ಕೆಲಸ ಇವೆಲ್ಲ ಟ್ಯಾಗ್‌ಗಳಾಗುತ್ತವೆ. ಬರೆದವರ ಹೆಸರಿಗಂತೂ ವರ್ಗ ಬೇಕಾಗಿಯೇ ಇಲ್ಲ, ಏಕೆಂದರೆ ಪ್ರತಿಯೊಬ್ಬ ಲೇಖಕರ ಬರಹಗಳನ್ನು ಒಟ್ಟಾಗಿ ತೋರಿಸುವ ಪುಟವನ್ನು ತಂತ್ರಾಂಶವೇ ಸಿದ್ಧಪಡಿಸುತ್ತದೆ. ಹೀಗೆ ಇಳಿಸುತ್ತಾ ಬಂದು ಈಗ ಕೃಷಿ, ಮಳೆ, ಗಿಡಮರ, ಆಚರಣೆ, ಅಡುಗೆ, ಭಾಷೆ ಎಂಬ ಆರು ವರ್ಗಗಳು ಉಳಿದಿವೆ. ಕೃಷಿಯಡಿ ಮಾತ್ರ ಕಾಫಿ, ಕರಿಮೆಣಸು, ಭತ್ತ, ಏಲಕ್ಕಿ, ಕಿತ್ತಳೆ ಎಂಬ ಉಪವರ್ಗಗಳಿವೆ. ಹಳೆಯ ವರ್ಗಗಳನ್ನು ಟ್ಯಾಗ್‌ಗಳನ್ನಾಗಿ ಬದಲಿಸುವ ಉಪಕರಣ ವರ್ಡ್‌ಪ್ರೆಸ್‌ಗೆ ಉಚಿತವಾಗಿ ಸಿಗುವುದರಿಂದ ನಮ್ಮ ಎರಡನೆಯ ತಪ್ಪನ್ನು ತಿದ್ದಿಕೊಳ್ಳುವುದು ಸಾಧ್ಯವಾಯಿತು.

ಊರನ್ನೂ ತಾಲ್ಲೂಕನ್ನೂ ವರ್ಗ ಮಾಡುವುದು ಸರಿಯಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ನಾವು ಬ್ಲಾಗ್ ಆರಂಭಿಸಿದಾಗ ಕೊಡಗಿನಲ್ಲಿ ಇದ್ದದ್ದು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂಬ ಮೂರೇ ತಾಲ್ಲೂಕುಗಳು. ಈಗ ಪೊನ್ನಂಪೇಟೆಯೂ ಕುಶಾಲನಗರವೂ ಸೇರಿ ಐದಾಗಿವೆ. ತಾಲ್ಲೂಕುವಾರು ವರ್ಗ ಮಾಡಿದ್ದವರು ವಿರಾಜಪೇಟೆಯಡಿ ಇಟ್ಟಿದ್ದ ಪೊನ್ನಂಪೇಟೆಯ ಬರಹಗಳನ್ನು ಒಂದೊಂದಾಗಿ ಗುರುತಿಸಿ ಬದಲಿಸಬೇಕಾಗುತ್ತದೆ. ಊರಿನ ಹೆಸರು ಟ್ಯಾಗ್ ಆಗಿದ್ದರೆ ಆಡಳಿತದ ಗಡಿ ಎಲ್ಲಿಗೆ ಸರಿದರೂ ಬರಹ ಇದ್ದಲ್ಲೇ ಇರುತ್ತದೆ.

ಟ್ಯಾಗ್‌ಗಳನ್ನು ಹೇಗೆ ಆರಿಸಬೇಕೆಂಬ ಪ್ರಶ್ನೆ ಬಂದಾಗ ನಮಗೆ ದಾರಿ ತೋರಿದ್ದು ಗ್ರಂಥಾಲಯದ ಶಾಸ್ತ್ರ. ನಮ್ಮಲ್ಲೊಬ್ಬರು ನಿವೃತ್ತ ಗ್ರಂಥಪಾಲಕರು, ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವೆಂಬ ಪುಸ್ತಕ ವಿಂಗಡಣೆಯ ಪದ್ಧತಿಯನ್ನು ಅವರು ನಮಗೆ ವಿವರಿಸಿದರು. ಒಂದು ಪುಸ್ತಕದ ವಿಷಯವನ್ನು ವ್ಯಕ್ತಿತ್ವ (ಅಂದರೆ ಮುಖ್ಯ ವಿಷಯ), ವಸ್ತು, ಶಕ್ತಿ (ಅಂದರೆ ನಡೆಯುವ ಕೆಲಸ), ದೇಶ, ಕಾಲ ಎಂಬ ಐದು ಮುಖಗಳಿಂದ ನೋಡಬೇಕೆಂಬುದು ಆ ಪದ್ಧತಿಯ ತಿರುಳು. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿಯೇ ದಾಖಲೀಕರಣದ ಸಂಶೋಧನಾ ಕೇಂದ್ರವೊಂದನ್ನು ಕಟ್ಟಿದ ಆ ಮಹನೀಯರ ವಿಚಾರ ಇಂದಿನ ಟ್ಯಾಗ್‌ಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆಂದು ಕಂಡು ನನಗೆ ನಿಜಕ್ಕೂ ಅಭಿಮಾನವೆನಿಸಿತು. ನಾವು ಅದನ್ನು ಶಾಸ್ತ್ರಬದ್ಧವಾಗಿ ಪಾಲಿಸುತ್ತಿದ್ದೇವೆಂದು ಹೇಳಲಾರೆ. ಆದರೆ ಸೋಮವಾರಪೇಟೆಯ ಕಡೆಯ ತೋಟವೊಂದರಲ್ಲಿ ಕಾಫಿ ಗಿಡದ ಕೀಟವಾದ ಬಿಳಿ ಕಾಂಡಕೊರಕದ ಹತೋಟಿಯ ಬಗ್ಗೆ ಬರೆದರೆ, ಅದರ ವರ್ಗ ಕಾಫಿ. ಟ್ಯಾಗ್‌ಗಳು ಅರೇಬಿಕಾ, ಕಾಂಡಕೊರಕ, ಕೀಟ ಹತೋಟಿ, ಸೋಮವಾರಪೇಟೆ, ಅಕ್ಟೋಬರ್ ಎಂದು ತಾವಾಗಿಯೇ ಹೊಳೆಯುತ್ತವೆ. ಕಾಲದ ಟ್ಯಾಗ್‌ಗೆ ಎಷ್ಟು ಬೆಲೆಯಿದೆ ಎಂಬುದು 2018ರ ಆಗಸ್ಟ್ ತಿಂಗಳ ಬರಹಗಳನ್ನು ಒಟ್ಟು ಮಾಡಿದಾಗ ಗೊತ್ತಾಯಿತು. ಗುಡ್ಡಗಳು ಕುಸಿದ ಆ ದಿನಗಳಲ್ಲಿ ಒಬ್ಬರು ಮಳೆಯ ಅಳತೆಯನ್ನು ಇಂಚು ಮತ್ತು ಸೆಂಟ್ಸ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಭಾಗ) ಬರೆದಿಟ್ಟಿದ್ದರು, ಇನ್ನೊಬ್ಬರು ಕೊಚ್ಚಿಹೋದ ಗದ್ದೆಯ ಬಗ್ಗೆ ಬರೆದಿದ್ದರು, ಮತ್ತೊಬ್ಬರು ಹಬ್ಬ ಮಾಡದೆ ಉಳಿದ ಮನೆಗಳ ಬಗ್ಗೆ ಬರೆದಿದ್ದರು. ಮೂರು ಬೇರೆ ವರ್ಗಗಳಲ್ಲಿದ್ದ ಅವು ಒಂದೇ ಟ್ಯಾಗ್‌ನಡಿ ಸಾಲಾಗಿ ಬಂದು ನಿಂತಾಗ, ಆ ತಿಂಗಳು ನಮ್ಮ ಕಣ್ಣಮುಂದೆ ಪೂರ್ತಿಯಾಗಿ ತೆರೆದುಕೊಂಡಿತು.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ, ಅದು ಹೆಸರುಗಳದ್ದು. ಮದ್ದು ಸೊಪ್ಪು ಮತ್ತು ಆಟಿ ಸೊಪ್ಪು ಒಂದೇ; ಪುತ್ತರಿ ಮತ್ತು ಹುತ್ತರಿ ಒಂದೇ; ವಿರಾಜಪೇಟೆಯನ್ನು ವೀರಾಜಪೇಟೆ ಎಂದು ಬರೆಯುವವರೂ ಇದ್ದಾರೆ. ಇವುಗಳಲ್ಲಿ ಯಾವುದೂ ತಪ್ಪಲ್ಲ, ಆದರೆ ಎರಡೂ ರೂಪಗಳು ಬೇರೆ ಬೇರೆ ಟ್ಯಾಗ್‌ಗಳಾದರೆ ಬರಹಗಳು ಎರಡು ಗುಂಪಾಗಿ ಒಡೆಯುತ್ತವೆ. ಒಂದು ರೂಪವನ್ನು ಟ್ಯಾಗ್ ಆಗಿ ಒಪ್ಪಿಕೊಂಡು, ಇನ್ನೊಂದನ್ನು ಆ ಟ್ಯಾಗ್‌ನ ವಿವರಣೆಯಲ್ಲಿಯೂ ಬರಹದ ಒಡಲಿನಲ್ಲಿಯೂ ಒಮ್ಮೆಯಾದರೂ ಬರೆಯುವುದು ನಾವು ಕಂಡುಕೊಂಡ ಪರಿಹಾರ. ಯಾವ ಭಾಷೆಯ ರೂಪಕ್ಕೆ ಮೊದಲ ಸ್ಥಾನವೆಂಬ ವಿಚಾರದಲ್ಲಿ ಮನಸ್ತಾಪ ಬಾರದಿರಲೆಂದು ಈ ಪಟ್ಟಿಯನ್ನು ಆರೂ ಮಂದಿ ಎದುರುಬದುರು ಕುಳಿತೇ ಒಪ್ಪಿಕೊಂಡೆವು.

ಹಲವು ಬ್ಲಾಗ್‌ಗಳನ್ನು ಒಂದೇ ಕಡೆ ಇಡಲು ವರ್ಡ್‌ಪ್ರೆಸ್‌ನಲ್ಲಿ ಮಲ್ಟಿಸೈಟ್ ಎಂಬ ಇನ್ನೊಂದು ಏರ್ಪಾಡೂ 2010ರಿಂದ ಇದೆ. ಅದರಲ್ಲಿ ಒಂದೇ ತಂತ್ರಾಂಶದಡಿ ಪ್ರತಿ ಬ್ಲಾಗಿಗೂ ಸ್ವಂತ ಥೀಮ್, ಸ್ವಂತ ವರ್ಗಗಳು ಇರುತ್ತವೆ. ಲೆಕ್ಕಪತ್ರವೂ ಹೊಣೆಗಾರಿಕೆಯೂ ಬೇರೆಬೇರೆ ಇರುವ ಸಂಘಗಳಿಗೆ, ಕಾಲೇಜಿನ ವಿಭಾಗಗಳಿಗೆ ಅದು ಸೂಕ್ತ. ಆದರೆ ಅಲ್ಲಿ ಬರಹಗಳೂ ಟ್ಯಾಗ್‌ಗಳೂ ಆಯಾ ಬ್ಲಾಗಿನೊಳಗೇ ಉಳಿಯುವುದರಿಂದ, ಪ್ರತ್ಯೇಕ ವ್ಯವಸ್ಥೆ ಮಾಡದಿದ್ದರೆ ಒಂದರಲ್ಲಿ ಹುಡುಕಿದವರಿಗೆ ಇನ್ನೊಂದರ ಬರಹ ಸಿಗುವುದಿಲ್ಲ. ಸೊಪ್ಪಿನ ಮೂರು ಬರಹಗಳನ್ನು ಒಟ್ಟಿಗೆ ತೋರಿಸುವುದೇ ನಮ್ಮ ಉದ್ದೇಶವಾಗಿದ್ದರಿಂದ ನಾವು ಒಂದೇ ತಾಣ, ಆರು ವರ್ಗ ಎಂಬ ದಾರಿಯನ್ನು ಹಿಡಿದೆವು.

ತಮ್ಮ ಬ್ಲಾಗಿನ ಚಹರೆ ಕಳೆದುಹೋಗುತ್ತದೆಂದು ನಮ್ಮಲ್ಲಿ ಇಬ್ಬರಿಗೆ ಅಳುಕಿತ್ತು, ಆ ಅಳುಕು ನ್ಯಾಯವಾದದ್ದೇ. ಥೀಮ್‌ನ ನಿಜವಾದ ಉಪಯೋಗ ನಮಗೆ ತಿಳಿದದ್ದು ಆಗ. ವರ್ಗದ ಪುಟ ತೆರೆದಾಗ ಆ ವರ್ಗದ ಗುರುತನ್ನು ವರ್ಡ್‌ಪ್ರೆಸ್ ಪುಟದ ಸಂಕೇತದೊಳಗೆ ತಾನೇ ಸೇರಿಸುವುದರಿಂದ, ಒಂದೇ ಥೀಮ್ ಇಟ್ಟುಕೊಂಡು ಮಳೆಗೆ ಒಂದು ಬಣ್ಣ, ಅಡುಗೆಗೆ ಇನ್ನೊಂದು ಬಣ್ಣ, ಪ್ರತಿಯೊಂದಕ್ಕೂ ಬೇರೆ ತಲೆಚಿತ್ರ ಕೊಡುವುದು ಕಷ್ಟವಲ್ಲ. ಇಂತಹ ಬದಲಾವಣೆಗಳನ್ನು ಮೂಲ ಥೀಮ್‌ನಲ್ಲಿ ಮಾಡದೆ, ಅದನ್ನು ಆಧರಿಸಿ ಪ್ರತ್ಯೇಕವಾಗಿ ಇಡುವ ಚೈಲ್ಡ್ ಥೀಮ್‌ನಲ್ಲಿ ಮಾಡಬೇಕು. ಇಲ್ಲದಿದ್ದರೆ ಮೂಲ ಥೀಮ್‌ನ ಹೊಸ ಆವೃತ್ತಿ ಬಂದ ದಿನ ಎಲ್ಲವೂ ಅಳಿಸಿಹೋಗುತ್ತದೆ. ನಮಗೆ ಹಾಗೆ ಒಮ್ಮೆ ಆಗಿದೆ. ಪ್ರತಿ ವರ್ಗಕ್ಕೂ ಬೇರೆ ಫೀಡ್, ಅಂದರೆ ಹೊಸ ಬರಹಗಳನ್ನು ಓದುಗರಿಗೆ ತಾನಾಗಿ ತಲುಪಿಸುವ ಏರ್ಪಾಡು, ಇರುವುದರಿಂದ ಕಾಫಿಯೊಂದೇ ಬೇಕೆನ್ನುವ ಬೆಳೆಗಾರರು ಕಾಫಿಯ ಬರಹಗಳನ್ನಷ್ಟೇ ಪಡೆಯಬಹುದು.

ಥೀಮ್ ಆರಿಸುವಾಗ ನಮ್ಮ ಮಳೆಗಾಲವನ್ನೂ ನಮ್ಮ ಲಿಪಿಯನ್ನೂ ಮರೆಯಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಹೋಗಿ ಮೊಬೈಲ್ ಟವರ್‌ಗಳೂ ಸೋಲುವ ಹಳ್ಳಿಗಳಲ್ಲಿ, ಸರಿಯುವ ಚಿತ್ರಗಳ ಭಾರದ ಮುಖಪುಟ ತೆರೆದುಕೊಳ್ಳುವುದೇ ಇಲ್ಲ. ಅಕ್ಷರಗಳು ಮೊದಲು ಕಾಣುವ, ಚಿತ್ರಗಳು ಕಿರಿದಾಗಿರುವ ಹಗುರವಾದ ಥೀಮ್ ನಮಗೆ ತಕ್ಕದ್ದು. ಇಂಗ್ಲಿಷಿಗಾಗಿ ವಿನ್ಯಾಸಗೊಳಿಸಿದ ಥೀಮ್‌ಗಳಲ್ಲಿ ಸಾಲುಗಳ ನಡುವಣ ಅಂತರ ಕಡಿಮೆ. ‘ರಾಷ್ಟ್ರ’ದಂತಹ ಪದದ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಗಳಿಗೆ ತಾಗುತ್ತವೆ. ಆ ಅಂತರವನ್ನು ಹೆಚ್ಚಿಸಿದ ಮೇಲೆ ವಯಸ್ಸಾದ ಓದುಗರು ಕೂಡ ಕನ್ನಡಕ ಸರಿಪಡಿಸಿಕೊಳ್ಳದೆ ಓದುತ್ತಿದ್ದಾರೆ.

ವಿಳಾಸಗಳ ಬಗ್ಗೆ ಒಂದು ಮಾತು. ವರ್ಗದ ಹೆಸರು ಕನ್ನಡದಲ್ಲಿಯೇ ಇರಲಿ, ಆದರೆ ಜಾಲವಿಳಾಸದಲ್ಲಿ ಕನ್ನಡ ಲಿಪಿಯ ಒಂದೊಂದು ಚಿಹ್ನೆಯೂ ಒಂಬತ್ತು ಅಕ್ಷರಗಳ ಸಂಕೇತವಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಬರಹದ ವಿಳಾಸಕ್ಕಿರುವ ಮಿತಿ 200 ಅಕ್ಷರ, ಅಂದರೆ ಇಪ್ಪತ್ತೆರಡು ಕನ್ನಡ ಚಿಹ್ನೆಗಳಿಗೇ ಅದು ಮುಗಿಯುತ್ತದೆ. ಕೊಂಡಿಗಳು ನಮ್ಮಲ್ಲಿ ಹೆಚ್ಚಾಗಿ ವಾಟ್ಸ್‌ಆ್ಯಪ್ ಮೂಲಕವೇ ಓಡಾಡುತ್ತವೆ. ಉದ್ದನೆಯ ಸಂಕೇತದ ಸಾಲನ್ನು ಕಂಡು ಒತ್ತಲು ಹೆದರುವವರಿದ್ದಾರೆ. ಆದ್ದರಿಂದ ವಿಳಾಸದ ಭಾಗವನ್ನು ಮಾತ್ರ ಚಿಕ್ಕದಾಗಿ ರೋಮನ್ ಲಿಪಿಯಲ್ಲಿ ಇಟ್ಟೆವು. ಹಳೆಯ ಬ್ಲಾಗ್‌ಗಳ ವಿಳಾಸಗಳನ್ನು ಕೂಡಲೇ ಮುಚ್ಚದೆ, ಅಲ್ಲಿಗೆ ಬಂದವರು ಹೊಸ ಪುಟಕ್ಕೆ ತಲುಪುವಂತೆ ಶಾಶ್ವತ ರೀಡೈರೆಕ್ಟ್ ಇಡುವುದು ಅವಶ್ಯ. ಒಂದು ಬ್ಲಾಗಿಗೆ ಇದನ್ನು ಮಾಡದೆ ಮುಚ್ಚಿದ್ದರಿಂದ ಅದಕ್ಕೆ ಬೇರೆಯವರು ಕೊಟ್ಟಿದ್ದ ಕೊಂಡಿಗಳೆಲ್ಲ ಸತ್ತವು. ಅದು ನನ್ನದೇ ಮಳೆಯ ದಿನಚರಿಯಾಗಿತ್ತು.

ಜಿಲ್ಲೆಯ ಸಂಘಗಳು, ಒಕ್ಕಗಳು (ಕೊಡವ ಮನೆತನಗಳು), ಕಾಲೇಜುಗಳು ಹೊಸದಾಗಿ ಇನ್ನೊಂದು ಬ್ಲಾಗ್ ತೆರೆಯುವ ಮೊದಲು, ಈಗಾಗಲೇ ಬರೆಯುತ್ತಿರುವವರನ್ನು ಕರೆದು ಒಂದು ದಿನ ಒಟ್ಟಿಗೆ ಕುಳಿತು, ಎಲ್ಲರ ಬರಹಗಳ ಶೀರ್ಷಿಕೆಗಳನ್ನು ಕಾಗದದ ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ಗುಂಪು ಮಾಡಿ ನೋಡಬೇಕೆಂದು ನನ್ನ ವಿನಂತಿ. ಚೀಟಿಗಳು ಎಷ್ಟು ಗುಂಪಾಗುತ್ತವೆಯೋ ಅಷ್ಟೇ ವರ್ಗಗಳು ಸಾಕು. ಥೀಮ್‌ನ ಮಾತು ಮರುದಿನಕ್ಕಿರಲಿ. ಈ ಕೆಲಸಕ್ಕೆ ಕೈಹಾಕುವವರಿಗೆ ನಮ್ಮ ಟ್ಯಾಗ್‌ಗಳ ಪಟ್ಟಿಯನ್ನೂ, ಎರಡೆರಡು ಹೆಸರುಗಳಿರುವ ಗಿಡ, ಹಬ್ಬ, ಊರುಗಳ ಪಟ್ಟಿಯನ್ನೂ ಕೊಡಲು ನಾವು ಆರು ಮಂದಿಯೂ ಸಿದ್ಧರಿದ್ದೇವೆ; ತಮ್ಮ ಪತ್ರಿಕೆಯ ಕಚೇರಿಯ ಮೂಲಕ ಕೇಳಿದರೆ ಕಳುಹಿಸಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ,
ನಾಪೋಕ್ಲು, ಕೊಡಗು ಜಿಲ್ಲೆ