ಈ ವರ್ಷದ ವಸ್ತುಪ್ರದರ್ಶನ ಶಾಲೆಯ ಸಭಾಂಗಣದಲ್ಲಿ ನಡೆಯುವುದಿಲ್ಲ

ಬೆಂಗಳೂರು

ಎಂಟನೇ ಮತ್ತು ಒಂಬತ್ತನೇ ತರಗತಿ ವಿದ್ಯಾರ್ಥಿಗಳ ಮಾನ್ಯ ಪೋಷಕರಿಗೆ,

ಸಾದರ ನಮಸ್ಕಾರಗಳು.

ಪ್ರತಿ ವರ್ಷ ಜನವರಿಯಲ್ಲಿ ನಮ್ಮ ಸಭಾಂಗಣದಲ್ಲಿ ನಡೆಯುತ್ತಿದ್ದ ವಿಜ್ಞಾನ ವಸ್ತುಪ್ರದರ್ಶನವನ್ನು ಈ ಸಲ ಅಲ್ಲಿ ಏರ್ಪಡಿಸುತ್ತಿಲ್ಲ. ಮಕ್ಕಳು ನಾಲ್ಕು ತಂಡಗಳಾಗಿ, ನೀರು, ಕಸ ಮತ್ತು ಸಂಚಾರದ ವಿಷಯದಲ್ಲಿ ನಮ್ಮ ನಗರ ಏನನ್ನಾದರೂ ಹೊಸದಾಗಿ ಮಾಡಿ ನೋಡಿರುವ ಐದು ಸಾರ್ವಜನಿಕ ಸ್ಥಳಗಳಿಗೆ ಹೋಗಿ, ನವೆಂಬರ್ ಮತ್ತು ಡಿಸೆಂಬರ್ ತಿಂಗಳ ಶನಿವಾರಗಳಲ್ಲಿ ಅವುಗಳನ್ನು ಅಭ್ಯಾಸ ಮಾಡಿ, ಜನವರಿಯ ಕೊನೆಯ ಎರಡು ಭಾನುವಾರಗಳಂದು ಅದೇ ಸ್ಥಳದಲ್ಲಿ ನಿಂತು, ಅಲ್ಲಿಗೆ ಬರುವ ಜನರಿಗೆ ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಲಸ ಮಾಡುತ್ತಿಲ್ಲ ಎಂಬುದನ್ನು ವಿವರಿಸಲಿದ್ದಾರೆ. ಥರ್ಮಾಕೋಲ್ ಮಾದರಿಗಳು ಇರುವುದಿಲ್ಲ. ಈ ನಿರ್ಧಾರಕ್ಕೆ ಕಾರಣವೇನು, ತಮ್ಮಿಂದ ನಾವು ಏನನ್ನು ಅಪೇಕ್ಷಿಸುತ್ತೇವೆ ಎಂಬುದನ್ನು ತಿಳಿಸಲು ಈ ಪತ್ರ.

ಹೋದ ವರ್ಷದ ಪ್ರದರ್ಶನದಲ್ಲಿ 'ನಾಳಿನ ನಗರ' ಎಂಬ ವಿಷಯ ಕೊಟ್ಟಿದ್ದೆವು. ಬಂದ ಮಾದರಿಗಳಲ್ಲಿ ಬಹುಪಾಲು ಒಂದನ್ನೊಂದು ಹೋಲುತ್ತಿದ್ದವು: ಹಸಿರು ಬಣ್ಣ ಬಳಿದ ಹಲಗೆ, ತಿರುಗುವ ಗಾಳಿಯಂತ್ರ, ಮಿನುಗುವ ದೀಪಗಳು, ನೀಲಿ ಕಾಗದದ ಕೆರೆ. ಕೆಲವನ್ನು ಅಂಗಡಿಯಲ್ಲಿ ಹೇಳಿ ಮಾಡಿಸಲಾಗಿತ್ತು ಎಂಬುದು ತಮಗೂ ಗೊತ್ತು, ನಮಗೂ ಗೊತ್ತು. ಅದಕ್ಕಾಗಿ ಯಾರನ್ನೂ ದೂರುತ್ತಿಲ್ಲ, ಏಕೆಂದರೆ ಹಾಗೆ ಮಾಡಿಸಿದ್ದಕ್ಕೇ ಬಹುಮಾನ ಕೊಟ್ಟವರು ನಾವೇ. ಮಳೆನೀರು ಕೊಯ್ಲಿನ ಬಹಳ ಚೆಂದದ ಮಾದರಿಯೊಂದರ ಮುಂದೆ ನಿಂತು, ನಮ್ಮ ಶಾಲೆಯ ಚಾವಣಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಆ ಹುಡುಗನನ್ನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಮಾರನೆಯ ದಿನ ಅವನೂ ಅವನ ಗೆಳೆಯರೂ ವಿಜ್ಞಾನ ಶಿಕ್ಷಕರ ಜೊತೆ ಚಾವಣಿ ಹತ್ತಿ, ಪೈಪಿನ ದಾರಿ ಹಿಡಿದು ಇಳಿದು ನೋಡಿದಾಗ, ಗೋಡೆಗೆ ಸುಣ್ಣಬಣ್ಣ ಮಾಡಿಸುವಾಗ ಬಿಚ್ಚಿಟ್ಟಿದ್ದ ಮೊಣಕೈ ಪೈಪನ್ನು ಯಾರೂ ಮತ್ತೆ ಜೋಡಿಸಿಯೇ ಇಲ್ಲವೆಂದೂ, ಎಷ್ಟೋ ಮಳೆಗಳ ನೀರು ತೊಟ್ಟಿಗೆ ಬೀಳದೆ ನೇರವಾಗಿ ಚರಂಡಿಗೆ ಹರಿದು ಹೋಗಿದೆಯೆಂದೂ ಗೊತ್ತಾಯಿತು. ಸಭಾಂಗಣದಲ್ಲಿ ಮಾದರಿಗೆ ಚಪ್ಪಾಳೆ ಬೀಳುತ್ತಿದ್ದಾಗ ಹಿತ್ತಲಲ್ಲಿ ನಿಜವಾದ ವ್ಯವಸ್ಥೆ ಕೆಟ್ಟು ಕುಳಿತಿತ್ತು. ಪೈಪನ್ನು ಈಗ ಜೋಡಿಸಲಾಗಿದೆ. ಆ ಹೊಣೆ ನನ್ನದೇ ಆಗಿತ್ತು ಎಂಬುದನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ಈ ವರ್ಷ ನಿಜವಾಗಿ ಇರುವುದನ್ನೇ ತೋರಿಸೋಣ ಎಂದು ಶಿಕ್ಷಕರೆಲ್ಲ ಸೇರಿ ತೀರ್ಮಾನಿಸಿದೆವು.

ಮೊದಲ ತಂಡ ಜಯನಗರ 5ನೇ ಬ್ಲಾಕಿನಲ್ಲಿರುವ, ಬೆಂಗಳೂರು ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕಿಗೆ ಹೋಗುತ್ತದೆ. ಅಲ್ಲಿ ಶೋಧಕಗಳು, ಇಂಗುಗುಂಡಿಗಳು ಮತ್ತು ಸಂಗ್ರಹ ತೊಟ್ಟಿಗಳನ್ನು ನಿಜವಾದ ಅಳತೆಯಲ್ಲಿ ಮುಟ್ಟಿ ನೋಡಬಹುದು. ಆದರೆ ಮಕ್ಕಳ ಕೆಲಸ ಶುರುವಾಗುವುದು ತಮ್ಮ ಮನೆಯಿಂದ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸಿಗುವುದು ಸರಿಯಾಗಿ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಹಾಗಾಗಿ 30×40 ಅಡಿ ನಿವೇಶನದ ತುಂಬ ಚಾವಣಿ ಇದೆ ಎಂದುಕೊಂಡರೆ ಅದರ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಒಂದಷ್ಟು ಆವಿಯಾಗಿ ಹೋದರೂ ಉಳಿಯುವುದು ಸಣ್ಣ ಮೊತ್ತವಲ್ಲ. ಇನ್ನೊಂದು ಕಡೆ, ನಮ್ಮ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮೂರು ಸಲ ಪಂಪಿನಿಂದ ಮೇಲೆತ್ತಿಸಿಕೊಂಡು ಬರಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿದ್ದು ತಮಗೆ ನೆನಪಿರಬಹುದು. ಅದೇ ವರ್ಷದ ಅಕ್ಟೋಬರಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಕಾವೇರಿ ಐದನೇ ಹಂತ ಚಾಲನೆಗೊಂಡಿತು. ಆದರೂ ತಲೆಯ ಮೇಲೆ ಬೀಳುವ ನೀರಿನ ಲೆಕ್ಕ ಮಕ್ಕಳಿಗೆ ಬರಲೇಬೇಕು. 30×40 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಹೊಸದಾಗಿ ಕಟ್ಟುವ ಮನೆಗಳಿಗೂ 60×40 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಆಗಲೇ ಇದ್ದ ಮನೆಗಳಿಗೂ ಮಳೆನೀರು ಕೊಯ್ಲನ್ನು 2009ರಲ್ಲೇ ಕಾನೂನು ಕಡ್ಡಾಯ ಮಾಡಿದೆ. ತಮ್ಮ ಮನೆಯದು ಆ ಅಳತೆಯೊಳಗೆ ಬರುತ್ತದೆಯೇ, ಬಂದರೆ ಪೈಪು ಎಲ್ಲಿ ಕೊನೆಗೊಳ್ಳುತ್ತದೆ ಎಂದು ಮಗ ಅಥವಾ ಮಗಳು ಕೇಳಿದರೆ ದಯವಿಟ್ಟು ಬೇಸರಪಡದೆ ತೋರಿಸಿ.

ಎರಡನೆಯ ತಂಡ ಜಕ್ಕೂರು ಕೆರೆಗೆ. ಐದರಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದು. ಆದ್ದರಿಂದ ಇಲ್ಲಿ ಸ್ವಲ್ಪ ದೀರ್ಘವಾಗಿ ಬರೆದರೆ ಮನ್ನಿಸಬೇಕು. ಯಲಹಂಕ ಕಡೆಯ ಒಳಚರಂಡಿ ನೀರು ಕೆರೆಯ ಮೇಲ್ಭಾಗದಲ್ಲಿರುವ ಜಲಮಂಡಳಿಯ ಸಂಸ್ಕರಣಾ ಘಟಕಕ್ಕೆ ಬಂದು, ಅಲ್ಲಿಂದ ಹೊರಬಿದ್ದ ಮೇಲೆ ನೇರವಾಗಿ ಕೆರೆ ಸೇರುವುದಿಲ್ಲ. ನಡುವೆ ಬೇಕೆಂದೇ ಉಳಿಸಿಕೊಂಡ ಜೌಗುಭೂಮಿ ಇದೆ. ಘಟಕದಲ್ಲಿ ಕೊಳೆಯುವ ಪದಾರ್ಥ ಬಹುಮಟ್ಟಿಗೆ ಕಳೆದರೂ ಸಾರಜನಕ ಮತ್ತು ರಂಜಕದ ಅಂಶಗಳು ನೀರಿನಲ್ಲಿ ಉಳಿದಿರುತ್ತವೆ. ಅವು ಹಾಗೆಯೇ ಕೆರೆಗೆ ಇಳಿದರೆ ಪಾಚಿಗೆ ಹಬ್ಬ, ಮೀನಿಗೆ ಉಸಿರುಕಟ್ಟು. ಜೌಗಿನಲ್ಲಿ ನೀರು ನಿಧಾನವಾಗಿ ಹರಡಿ ಹರಿಯುವಾಗ ಹೂಳು ತಳಕ್ಕೆ ಇಳಿಯುತ್ತದೆ, ಜೊಂಡು ಮತ್ತಿತರ ಗಿಡಗಳು ಆ ಪೋಷಕಾಂಶಗಳನ್ನು ಹೀರಿ ಬೆಳೆಯುತ್ತವೆ, ಬೇರಿನ ಸುತ್ತಲಿನ ಸೂಕ್ಷ್ಮಜೀವಿಗಳು ಉಳಿದ ಕೆಲಸವನ್ನು ಮಾಡುತ್ತವೆ. ಸುಮಾರು 160 ಎಕರೆಯ ಆ ಕೆರೆ ಬೇಸಿಗೆಯಲ್ಲೂ ನೀರು ಉಳಿಸಿಕೊಳ್ಳುವುದಕ್ಕೂ, ಸುತ್ತಲ ಬಾವಿಗಳಿಗೆ ನೀರು ಇಂಗುವುದಕ್ಕೂ, ಮೀನುಗಾರರು ಬಲೆ ಬೀಸುವುದಕ್ಕೂ, ಹೆಜ್ಜಾರ್ಲೆಗಳು ಬಂದು ಇಳಿಯುವುದಕ್ಕೂ ಇದೇ ಕಾರಣ. ಕೋಡಿ ಹರಿದ ನೀರು ಕೆಳಗಿನ ರಾಚೇನಹಳ್ಳಿ ಕೆರೆಗೆ ಹೋಗುತ್ತದೆ.

ಆದರೆ ಜೌಗಿನ ಗಿಡಗಳನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ ಅವು ಅಲ್ಲೇ ಸತ್ತು ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ಮರಳಿಸುತ್ತವೆ. ಹೂಳು ತೆಗೆಯದಿದ್ದರೆ ಜೌಗೇ ಮುಚ್ಚಿಕೊಳ್ಳುತ್ತದೆ. ಕಟ್ಟುವ ದಿನ ಎಲ್ಲರೂ ಬರುತ್ತಾರೆ. ಕಳೆ ಕೀಳುವ ದಿನ ಯಾರು ಬರುತ್ತಾರೆ, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಕೇಳಿ ತಿಳಿದುಬರುವುದು ಈ ತಂಡದ ಮುಖ್ಯ ಕೆಲಸ. ಇದು ಹೊಸ ಪ್ರಶ್ನೆಯಲ್ಲ. ನಮ್ಮ ಊರುಗಳಲ್ಲಿ ಕೆರೆಯ ತೂಬು ಎತ್ತುವುದಕ್ಕೆ, ಗದ್ದೆಗಳಿಗೆ ನೀರು ಹಂಚುವುದಕ್ಕೆ ನೀರುಗಂಟಿ ಎಂಬ ಒಬ್ಬ ಹೊಣೆಗಾರ ಇರುತ್ತಿದ್ದ. ತೂಬು, ಕೋಡಿ, ಏರಿ, ರಾಜಕಾಲುವೆ ಎಂಬ ಮಾತುಗಳ ಅರ್ಥ ನಮ್ಮ ಮಕ್ಕಳಲ್ಲಿ ಅನೇಕರಿಗೆ ತಿಳಿಯದು ಎಂಬುದನ್ನು ತರಗತಿಯಲ್ಲಿ ಕಂಡೆವು. ಮನೆಯಲ್ಲಿ ಹಳ್ಳಿಯ ಕೆರೆ ಕಂಡಿರುವ ಅಜ್ಜ ಅಜ್ಜಿಯರಿದ್ದರೆ, ಒಂದು ಸಂಜೆ ಅವರನ್ನು ಮಾತಿಗೆ ಎಳೆಯಲು ಮಕ್ಕಳಿಗೆ ಹೇಳಿ. ನಮ್ಮ ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ ಎಂಬ ಸಂಗತಿ ಗೊತ್ತಿದ್ದರೆ ಮಾತ್ರ ಉಳಿದಿರುವ ಒಂದು ಕೆರೆಗೆ ಇಷ್ಟೊಂದು ಶ್ರಮ ಏಕೆ ಎಂಬುದು ಅರ್ಥವಾದೀತು.

ಮೂರನೆಯ ತಂಡದ ಸ್ಥಳ ಕಬ್ಬನ್ ಪಾರ್ಕ್. 1870ರಲ್ಲಿ ರೂಪುಗೊಂಡ ಈ ಉದ್ಯಾನದಲ್ಲಿ ಹೂಳು ಮತ್ತು ಕಸ ತುಂಬಿ ಮರೆತುಹೋಗಿದ್ದ ಹಳೆಯ ತೆರೆದ ಬಾವಿಗಳಲ್ಲಿ ಹಲವನ್ನು ಕೆಲವು ವರ್ಷಗಳ ಹಿಂದೆ ಶುಚಿಗೊಳಿಸಿ ಮತ್ತೆ ನೀರು ಕಾಣುವಂತೆ ಮಾಡಲಾಯಿತು. ಜೊತೆಗೆ ಹೊಸ ಇಂಗುಬಾವಿಗಳನ್ನೂ ತೋಡಲಾಯಿತು. ಆ ಕೆಲಸ ಮಾಡಿದವರು ತಲೆತಲಾಂತರದಿಂದ ಬಾವಿ ತೋಡಿಕೊಂಡು ಬಂದಿರುವ ಭೋವಿ ಸಮುದಾಯದವರು. ಎಷ್ಟು ಅಡಿಗೆ ನೀರು ಸಿಕ್ಕೀತು, ಯಾವ ಮಣ್ಣು ಕುಸಿದೀತು ಎಂಬುದನ್ನು ಅವರು ಬಲ್ಲರು. ನಗರಕ್ಕೆ ಹತ್ತು ಲಕ್ಷ ಇಂಗುಬಾವಿಗಳು ಬೇಕೆನ್ನುವ ಆಂದೋಲನವೊಂದು ನಡೆಯುತ್ತಿದ್ದು, ಅದು ಇವರಿಗೆ ಮತ್ತೆ ಕೆಲಸ ತಂದುಕೊಟ್ಟಿದೆ. ಇಂಗುಬಾವಿಯ ವಿಶೇಷವೆಂದರೆ ಅದರ ತಳಕ್ಕೂ ಸಿಮೆಂಟ್ ಬಳೆಗಳ ನಡುವಿನ ಸಂದಿಗೂ ಗಾರೆ ಹಾಕುವುದಿಲ್ಲ. ನೀರು ಅಲ್ಲಿ ನಿಲ್ಲಬಾರದು, ಮಣ್ಣಿಗೆ ಇಳಿಯಬೇಕು. 'ಸರಿಯಾಗಿ ಕಟ್ಟಿಲ್ಲ' ಎಂದು ಮೊದಲ ನೋಟಕ್ಕೆ ಅನ್ನಿಸುವುದೇ ಅದರ ಸರಿಯಾದ ಕಟ್ಟೋಣ. ಬಾವಿ ತೋಡುವ ಕಸುಬಿನ ಹಿರಿಯರೊಬ್ಬರನ್ನು ಶಾಲೆಗೆ ಕರೆಸಿ, ಅತಿಥಿ ಉಪನ್ಯಾಸಕರಿಗೆ ಕೊಡುವ ಸಂಭಾವನೆಯನ್ನೇ ಕೊಟ್ಟು, ಮಕ್ಕಳಿಗೆ ಒಂದು ಪಾಠ ಹೇಳಿಸಲಿದ್ದೇವೆ.

ನಾಲ್ಕನೆಯ ತಂಡಕ್ಕೆ ಎರಡು ಸಣ್ಣ ಜಾಗಗಳನ್ನು ಕೊಟ್ಟಿದ್ದೇವೆ. ಒಂದು, ಎಚ್‌ಎಸ್‌ಆರ್ ಲೇಔಟಿನ ಸ್ವಚ್ಛಾಗ್ರಹ ಕಲಿಕಾ ಕೇಂದ್ರ: ಹಸಿ ಕಸವನ್ನು ಗೊಬ್ಬರವಾಗಿಸುವ ಬೇರೆಬೇರೆ ವಿಧಾನಗಳನ್ನು ಅಲ್ಲಿ ಒಟ್ಟಿಗೆ ನೋಡಬಹುದು. 2012ರಲ್ಲಿ ಮಾವಳ್ಳಿಪುರದ ಜನ ತಮ್ಮೂರಿಗೆ ನಗರದ ಕಸ ಬರಕೂಡದೆಂದು ಹಿಡಿದ ಪಟ್ಟನ್ನೂ, ಆಗ ನಮ್ಮ ಬೀದಿಗಳಲ್ಲಿ ಕಸ ರಾಶಿ ಬಿದ್ದದ್ದನ್ನೂ ಮಕ್ಕಳು ನೋಡಿಲ್ಲ. ತಾವು ನೋಡಿದ್ದೀರಿ, ದಯವಿಟ್ಟು ಹೇಳಿ. ಇನ್ನೊಂದು ಚರ್ಚ್ ಸ್ಟ್ರೀಟ್. 2018ರಲ್ಲಿ ಕಲ್ಲುಹಾಸಿನೊಂದಿಗೆ ಹೊಸ ರೂಪ ಪಡೆದ ಈ ಬೀದಿಯಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳನ್ನು ತಡೆದು ಗಾಳಿಯ ಗುಣಮಟ್ಟದ ಅಧ್ಯಯನ ನಡೆಸಲಾಯಿತು. ನಡೆಯುವವರನ್ನೂ ವಾಹನಗಳನ್ನೂ ಮಕ್ಕಳು ಎಣಿಸುತ್ತಾರೆ, ಅಂಗಡಿಯವರ ಅಭಿಪ್ರಾಯವನ್ನೂ ಕೇಳುತ್ತಾರೆ. ವಾಹನ ಬೇಡವೆನ್ನುವವರಷ್ಟೇ ಸರಿ ಎಂಬ ಪೂರ್ವಗ್ರಹ ಇಟ್ಟುಕೊಂಡು ಹೋಗಬಾರದೆಂದು ಅವರಿಗೆ ಹೇಳಿದ್ದೇನೆ.

ಕೆಲವು ಪೋಷಕರು ಮೌಖಿಕವಾಗಿ ಎತ್ತಿರುವ ಎರಡು ಆಕ್ಷೇಪಣೆಗಳಿಗೆ ಇಲ್ಲಿ ಉತ್ತರಿಸುತ್ತೇನೆ. ಇದರಿಂದ ಓದಿಗೆ ತೊಂದರೆಯಾಗುವುದಿಲ್ಲವೇ ಎಂಬುದು ಮೊದಲನೆಯದು. ಮೇಲೆ ಹೇಳಿದ ಚಾವಣಿಯ ಲೆಕ್ಕ ಕ್ಷೇತ್ರಗಣಿತವೇ, ಜೌಗಿನ ಕೆಲಸ ಜೀವಶಾಸ್ತ್ರವೇ. ಪಾಠಗಳನ್ನು ಅದಕ್ಕೆ ಹೊಂದಿಸಿದ್ದೇವೆ, ಹೆಚ್ಚುವರಿ ಬರವಣಿಗೆ ಕೊಡುವುದಿಲ್ಲ. ಮಕ್ಕಳು ಇಂಗ್ಲಿಷಿನಲ್ಲಿ ವಿವರಿಸಬಾರದೇ ಎಂಬುದು ಎರಡನೆಯದು. ಕೇಳುವವರು ಇಂಗ್ಲಿಷ್ ಮಾತಾಡಿದರೆ ಖಂಡಿತ ವಿವರಿಸಲಿ. ಆದರೆ ಉದ್ಯಾನದ ಮಾಲಿಗೆ, ಕಡಲೆಕಾಯಿ ಮಾರುವವರಿಗೆ, ವಾಯುವಿಹಾರಕ್ಕೆ ಬಂದ ಹಿರಿಯರಿಗೆ ಕನ್ನಡದಲ್ಲಿ ತಡವರಿಸದೆ ಹೇಳಲು ಬರಬೇಕು. ವಿಷಯ ಪೂರ್ತಿ ತಿಳಿಯದವರು ಕಠಿಣ ಪದಗಳ ಹಿಂದೆ ಅವಿತುಕೊಳ್ಳುವುದನ್ನು ನಾನು ಮೂವತ್ತು ವರ್ಷಗಳಿಂದ ತರಗತಿಯಲ್ಲಿ ನೋಡುತ್ತಿದ್ದೇನೆ; ಮಕ್ಕಳಲ್ಲಿ ಮಾತ್ರವಲ್ಲ.

ಇನ್ನು ವ್ಯವಸ್ಥೆಯ ಮಾತು. ಎಲ್ಲ ಸ್ಥಳಗಳಿಗೂ ಸಂಬಂಧಪಟ್ಟ ಇಲಾಖೆಗಳ ಅನುಮತಿ ಕೋರಿ ಅರ್ಜಿ ಸಲ್ಲಿಸಿದ್ದೇವೆ. ಲಿಖಿತ ಅನುಮತಿ ಬಾರದ ಸ್ಥಳಕ್ಕೆ ಮಕ್ಕಳನ್ನು ಕರೆದೊಯ್ಯುವುದಿಲ್ಲ. ಪ್ರಯಾಣ ಮೆಟ್ರೊ ಮತ್ತು ಬಿಎಂಟಿಸಿ ಬಸ್ಸುಗಳಲ್ಲಿ. ಜಕ್ಕೂರಿಗೆ ಮಾತ್ರ ಶಾಲೆಯ ವಾಹನ. ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರುತ್ತಾರೆ. ಕೆರೆಯ ನೀರಿಗೆ ಇಳಿಯುವುದಕ್ಕೂ ಬಾವಿಯ ಕಟ್ಟೆ ಹತ್ತುವುದಕ್ಕೂ ಸಂಪೂರ್ಣ ನಿಷೇಧವಿದೆ. ನೀರಿನ ಮಾದರಿಯನ್ನು ಶಿಕ್ಷಕರೇ ತೆಗೆದುಕೊಡುತ್ತಾರೆ. ಟೋಪಿ, ನೀರಿನ ಬಾಟಲಿ ಮತ್ತು ಡಬ್ಬಿಯಲ್ಲಿ ತಿಂಡಿ ಕಳುಹಿಸಿ. ಪೊಟ್ಟಣದ ತಿನಿಸು ಬೇಡ. ಧ್ವನಿವರ್ಧಕ, ಫ್ಲೆಕ್ಸ್ ಮತ್ತು ಉದ್ಘಾಟನಾ ಸಮಾರಂಭ ಯಾವುದೂ ಇರುವುದಿಲ್ಲ. ಪ್ರತಿ ತಂಡದ ಬಳಿ ಬಟ್ಟೆಯ ಮೇಲೆ ಮಕ್ಕಳೇ ಬರೆದ ಒಂದು ನಕ್ಷೆ ಮತ್ತು ಅಳತೆಯ ಪುಸ್ತಕ, ಅಷ್ಟೇ.

ಬಹುಮಾನದ ಕ್ರಮವನ್ನೂ ಬದಲಿಸಿದ್ದೇವೆ. ತಾವು ಅಭ್ಯಾಸ ಮಾಡಿದ ವ್ಯವಸ್ಥೆಯಲ್ಲಿ ಒಂದು ಕೊರತೆಯನ್ನು ಗುರುತಿಸಿ, ಅದನ್ನು ನೋಡಿಕೊಳ್ಳಬೇಕಾದವರು ಯಾರೆಂದು ಪತ್ತೆಹಚ್ಚಿ, ಅವರಿಗೆ ಸಭ್ಯ ಭಾಷೆಯಲ್ಲಿ ಒಂದು ಪತ್ರ ಬರೆದ ತಂಡಕ್ಕೆ ಹೆಚ್ಚು ಅಂಕ. ಉತ್ತರ ಬಂತೇ ಇಲ್ಲವೇ ಎಂಬುದನ್ನು ಅಂಕಕ್ಕೆ ಗಣಿಸುವುದಿಲ್ಲ. ಚಾವಣಿ ಹತ್ತಿದ ಹುಡುಗರು ಕಳೆದ ವರ್ಷ ನನಗೆ ಬರೆದ ಇಂಥದೇ ಒಂದು ಪತ್ರ ಈಗಲೂ ನನ್ನ ಮೇಜಿನ ಗಾಜಿನಡಿ ಇದೆ. ಶೋಧಕದ ಮರಳನ್ನು ಮಳೆಗಾಲಕ್ಕೆ ಮುಂಚೆ ತೊಳೆಸಬೇಕೆಂದು ಅದರ ಎರಡನೆಯ ವಾಕ್ಯದಲ್ಲೇ ನೆನಪಿಸಿದ್ದಾರೆ.

ಇದರೊಂದಿಗೆ ಲಗತ್ತಿಸಿರುವ ಒಪ್ಪಿಗೆ ಪತ್ರವನ್ನು ಓದಿ, ಸಹಿ ಮಾಡಿ, ಬರುವ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕೆಂದು ಕೋರುತ್ತೇನೆ. ಮಗುವಿಗೆ ಉಬ್ಬಸ, ಅಲರ್ಜಿ ಅಥವಾ ಬಿಸಿಲಿನ ತೊಂದರೆ ಇದ್ದರೆ ಅದರಲ್ಲಿಯೇ ನಮೂದಿಸಿ. ಭಾನುವಾರದ ಪ್ರದರ್ಶನಗಳಿಗೆ ತಾವು ಬರಬೇಕು. ಆದರೆ ತಮ್ಮ ಮಗು ಅಪರಿಚಿತರಿಗೆ ವಿವರಿಸುತ್ತಿರುವಾಗ ದಯವಿಟ್ಟು ಪಕ್ಕದಿಂದ ಉತ್ತರ ಹೇಳಿಕೊಡಬೇಡಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: ಮನೆಯಲ್ಲಿ ಈಗಾಗಲೇ ಥರ್ಮಾಕೋಲ್ ಹಾಳೆಗಳನ್ನು ಕೊಂಡು ತಂದಿಟ್ಟಿರುವವರು ಅವುಗಳನ್ನು ಶಾಲೆಗೆ ಕಳುಹಿಸುವುದು ಬೇಡ, ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ವಿಚಾರಿಸಿ.